ಸೇಂಟ್ ಮೇರೀಸ್‌ನಿಂದ ಲಕ್ಷದ್ವೀಪದವರೆಗೆ: ಕಡಲಿಗಿಳಿಯುವ ಮುನ್ನ ಯಾವ ಮುನ್ಸೂಚನೆ ನೋಡಬೇಕು?

ನವರಾತ್ರಿ ರಜೆ ಹತ್ತಿರವಾಗುತ್ತಿದ್ದಂತೆ ಬೆಂಗಳೂರಿನಲ್ಲಿರುವ ತಂಗಿಯಿಂದ ನನಗೊಂದು ಚಿತ್ರ ಬರುತ್ತದೆ. ಅವಳ ಫೋನಿನ ಹವಾಮಾನದ ಪುಟ ಅದು. ಮೇಲೆ ‘ಮಲ್ಪೆ’ ಎಂಬ ಹೆಸರು, ಕೆಳಗೆ ಮೋಡವಿಲ್ಲದ ಸೂರ್ಯ, ಬದಿಯಲ್ಲಿ 31 ಡಿಗ್ರಿ. ಜೊತೆಗೆ ‘ಅಣ್ಣ, ಶನಿವಾರ ಬರಬಹುದಲ್ಲ?’ ಎಂಬ ಒಂದು ಸಾಲು. ಕೆಲವು ವರ್ಷಗಳ ಹಿಂದೆ ಅದೇ ಸೂರ್ಯನನ್ನು ನಂಬಿ ನಾನೂ ‘ಬನ್ನಿ’ ಎಂದುಬಿಟ್ಟಿದ್ದೆ. ರಾತ್ರಿ ಬಸ್ಸಿನಲ್ಲಿ ಬಂದಿಳಿದ ಆರು ಮಂದಿಯನ್ನು ಕರೆದುಕೊಂಡು ಬೆಳಿಗ್ಗೆ ಮಲ್ಪೆಗೆ ಹೋದರೆ ಆಕಾಶ ತೊಳೆದಿಟ್ಟಂತಿತ್ತು, ತೆಂಗಿನ ಗರಿ ಅಲುಗುವಷ್ಟೂ ಗಾಳಿಯಿರಲಿಲ್ಲ, ಆದರೆ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ಬೋಟುಗಳು ಕಟ್ಟಿಹಾಕಿದಲ್ಲೇ ಇದ್ದವು. ಕಾರಣ ಕೇಳಿದಾಗ ಅಲ್ಲಿದ್ದ, ಬೋಟು ನಡೆಸುವ ತಾಂಡೇಲರೊಬ್ಬರು, ‘ಗಾಳಿ ಇಲ್ಲ ಮಾರಾಯ್ರೆ, ಆದ್ರೆ ನೀರು ಸರಿ ಇಲ್ಲ, ಅಳಿವೆಯಲ್ಲಿ ತೆರೆ ಒಡೀತಾ ಉಂಟು’ ಎಂದರು. ಅಳಿವೆಯೆಂದರೆ ಹೊಳೆ ಕಡಲು ಸೇರುವ, ಬೋಟುಗಳು ಹೋಗಿ ಬರುವ ಬಾಗಿಲು. ನಾನು ನೋಡಿದ್ದು ಆಕಾಶದ ಮುನ್ಸೂಚನೆ, ಅವರು ಹೇಳಿದ್ದು ನೀರಿನದು. ಎರಡೂ ಸುಳ್ಳಾಗಿರಲಿಲ್ಲ.

ಆ ದಿನದಿಂದ ಈಚೆಗೆ, ಯಾವ ಮುನ್ಸೂಚನೆ ‘ಸರಿ’ ಎಂದು ಕೇಳುವುದನ್ನು ಬಿಟ್ಟು, ನನಗೆ ತೊಂದರೆಯಾಗಬಹುದಾದ ಜಾಗವನ್ನು ಯಾವ ಮುನ್ಸೂಚನೆ ನೋಡುತ್ತಿದೆ ಎಂದು ಕೇಳುವ ಅಭ್ಯಾಸ ಮಾಡಿಕೊಂಡಿದ್ದೇನೆ. ಮಂಗಳೂರು, ಉಡುಪಿಯ ಕಡೆಯಿಂದ ದ್ವೀಪಗಳಿಗೆ ಹೊರಡುವವರ ಮುಂದೆ ಇಂದು ನಾಲ್ಕೈದು ಆಯ್ಕೆಗಳಿವೆ: ಭಾರತೀಯ ಹವಾಮಾನ ಇಲಾಖೆಯ ಎಚ್ಚರಿಕೆಗಳು, ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯ ಸಾಗರ ಸ್ಥಿತಿ ಮುನ್ಸೂಚನೆ, ವಿಂಡಿಯಂತಹ ಆ್ಯಪ್‌ಗಳು, ಭರತ-ಇಳಿತದ ಪಟ್ಟಿ, ಕೊನೆಯದಾಗಿ ಬಂದರಿನಲ್ಲಿರುವ ಮನುಷ್ಯರ ಮಾತು. ಇವುಗಳ ಗುಣದೋಷಗಳನ್ನು ಹೋಲಿಸುವುದಷ್ಟೇ ಇಲ್ಲಿನ ಉದ್ದೇಶ.

ಹವಾಮಾನ ಇಲಾಖೆ: ಹೋಗಬೇಡಿ ಎನ್ನುವ ಅಧಿಕಾರ

1875ರಲ್ಲಿ ಸ್ಥಾಪನೆಯಾದ ಹವಾಮಾನ ಇಲಾಖೆಯ ಮಾತಿಗೆ ಉಳಿದ ಯಾವ ಮೂಲಕ್ಕೂ ಇಲ್ಲದ ಒಂದು ತೂಕವಿದೆ. ಜಿಲ್ಲಾಡಳಿತ, ಮೀನುಗಾರಿಕೆ ಇಲಾಖೆ, ಬಂದರು, ಕರಾವಳಿ ಕಾವಲು ಪಡೆ ಇವೆಲ್ಲವೂ ನಡೆಯುವುದು ಅದರ ಪ್ರಕಟಣೆಯ ಆಧಾರದ ಮೇಲೆ. ಆದ್ದರಿಂದ ಮೀನುಗಾರರಿಗೆ ಎಚ್ಚರಿಕೆ ಹೊರಟಿರುವ ದಿನ ಬೇರೆ ಆ್ಯಪ್ ಏನೇ ತೋರಿಸಿದರೂ ಬೋಟು ಬಿಡುವುದಿಲ್ಲ. ಪ್ರವಾಸದ ಯೋಜನೆ ಹಾಕುವವರಿಗೆ ಈ ಒಂದು ಕಾರಣವೇ ಸಾಕು, ಮೊದಲು ತೆರೆಯಬೇಕಾದ ಪುಟ ಇದೇ.

ಆದರೆ ಆ ಪುಟದಲ್ಲಿ ಜನ ಸಾಮಾನ್ಯವಾಗಿ ತಪ್ಪು ಜಾಗವನ್ನು ಓದುತ್ತಾರೆ. ನಮ್ಮ ಜಿಲ್ಲೆಗಳಲ್ಲಿ ‘ಆರೆಂಜ್ ಅಲರ್ಟ್’, ‘ರೆಡ್ ಅಲರ್ಟ್’ ಎಂಬ ಮಾತುಗಳು ಶಾಲೆಗೆ ರಜೆ ಸಿಗುತ್ತದೆಯೇ ಎಂಬ ಪ್ರಶ್ನೆಯೊಂದಿಗೆ ಅಂಟಿಕೊಂಡಿವೆ. ಆ ಬಣ್ಣಗಳು ಹೆಚ್ಚಾಗಿ ಹೇಳುವುದು ಮಳೆಯ ವಿಷಯವನ್ನು: 24 ಗಂಟೆಗಳಲ್ಲಿ 64.5 ಮಿಲಿಮೀಟರಿನಿಂದ 115.5ರವರೆಗೆ ಬಿದ್ದರೆ ಭಾರಿ ಮಳೆ, 204.4ರವರೆಗೆ ಅತಿ ಭಾರಿ, ಅದನ್ನು ದಾಟಿದರೆ ಅತ್ಯಂತ ಭಾರಿ ಮಳೆ. ಮಳೆಯ ಎಚ್ಚರಿಕೆಯಿಲ್ಲದ ಹಸಿರು ದಿನದಲ್ಲಿಯೂ ಕಡಲು ಒರಟಾಗಿರಬಹುದು. ಹಳದಿ ದಿನ ಘಟ್ಟದ ತಪ್ಪಲಿನಲ್ಲಿ ಮಳೆ ಸುರಿಯುತ್ತಿದ್ದರೂ ಕಡಲು ಶಾಂತವಾಗಿರಬಹುದು. ಕಡಲಿಗೆ ಹೋಗುವವರು ನೋಡಬೇಕಾದ್ದು ‘ಮೀನುಗಾರರಿಗೆ ಎಚ್ಚರಿಕೆ’ ಎಂಬ ಪ್ರತ್ಯೇಕ ಪ್ರಕಟಣೆಯನ್ನು. ಅಲ್ಲಿ ‘ಕರ್ನಾಟಕ ಕರಾವಳಿಯುದ್ದಕ್ಕೂ ಮತ್ತು ಅದರಾಚೆ ಗಂಟೆಗೆ 35ರಿಂದ 45 ಕಿ.ಮೀ. ವೇಗದ, ಆಗಾಗ 55 ಕಿ.ಮೀ. ತಲುಪುವ ಬಿರುಗಾಳಿ’ ಎಂಬ ರೀತಿಯ ವಾಕ್ಯವಿರುತ್ತದೆ. ಮೊದಲಿನ ಸಂಖ್ಯೆಗಳು ನಿರಂತರ ಗಾಳಿಯವು, ಕೊನೆಯದು ಬೀಸಿ ಹೋಗುವ ಹೊಡೆತದ್ದು. ಸಣ್ಣ ದೋಣಿಯನ್ನು ಅಲ್ಲಾಡಿಸುವುದು ಆ ಕೊನೆಯ ಸಂಖ್ಯೆ. ವಾಕ್ಯದಲ್ಲಿ ಕರ್ನಾಟಕದ ಹೆಸರಿದೆಯೇ, ಲಕ್ಷದ್ವೀಪ ಪ್ರದೇಶದ ಹೆಸರಿದೆಯೇ ಅಥವಾ ನಡು ಅರಬ್ಬಿ ಸಮುದ್ರದ ಹೆಸರು ಮಾತ್ರವೇ ಎಂಬುದನ್ನೂ ಗಮನಿಸಬೇಕು. ನಡು ಸಮುದ್ರದ ಎಚ್ಚರಿಕೆಯನ್ನು ಕಂಡು ಮಲ್ಪೆ ಪ್ರವಾಸವನ್ನು ರದ್ದು ಮಾಡಬೇಕಿಲ್ಲ, ಆದರೆ ಅಲ್ಲಿ ಎದ್ದ ತೆರೆ ಒಂದೆರಡು ದಿನದಲ್ಲಿ ಇಲ್ಲಿಗೆ ಬಂದು ತಲುಪಬಹುದು ಎಂಬುದನ್ನು ಮರೆಯಬಾರದು.

ಚಂಡಮಾರುತದ ವಿಷಯದಲ್ಲಿ ಇಲಾಖೆಗೆ ಸಾಟಿಯಿಲ್ಲ. ಉತ್ತರ ಹಿಂದೂ ಮಹಾಸಾಗರದ ಚಂಡಮಾರುತಗಳಿಗೆ ಹೆಸರಿಡುವ, ಅವುಗಳ ದಾರಿ ಗುರುತಿಸುವ ಹೊಣೆ ದೆಹಲಿಯಲ್ಲಿರುವ ಅದರ ವಿಶೇಷ ಕೇಂದ್ರದ್ದು. ಗಾಳಿ ಗಂಟೆಗೆ 31 ಕಿ.ಮೀ. ತಲುಪಿದಾಗ ವಾಯುಭಾರ ಕುಸಿತ, 62 ಕಿ.ಮೀ. ತಲುಪಿದಾಗ ಚಂಡಮಾರುತ ಎಂಬ ಲೆಕ್ಕದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಎಚ್ಚರಿಕೆ ಏರುತ್ತದೆ. 72 ಗಂಟೆ ಮೊದಲೇ ನಿಗಾ ಪ್ರಕಟಣೆ, 48 ಗಂಟೆ ಮೊದಲು ಮುನ್ನೆಚ್ಚರಿಕೆ, 24 ಗಂಟೆ ಮೊದಲು ಎಚ್ಚರಿಕೆ ಬರುತ್ತದೆ. 2021ರ ಮೇ ತಿಂಗಳಲ್ಲಿ ಲಕ್ಷದ್ವೀಪದ ಬಳಿ ಹುಟ್ಟಿದ ತೌಕ್ತೆ ನಮ್ಮ ಕರಾವಳಿಗೆ ಅಪ್ಪಳಿಸದೆ ಗುಜರಾತಿನತ್ತ ಸಾಗಿತು. ಹಾಗಿದ್ದರೂ ಮೂಲ್ಕಿಯ ಬಳಿ ಬಂಡೆಗಳ ನಡುವೆ ಸಿಲುಕಿದ ಟಗ್‌ನಿಂದ (ಹಡಗುಗಳನ್ನು ಎಳೆಯುವ ಬೋಟು) ಒಂಬತ್ತು ಮಂದಿಯನ್ನು ರಕ್ಷಿಸಬೇಕಾಯಿತು. ಚಂಡಮಾರುತದ ನಕ್ಷೆಯಲ್ಲಿ ಗೆರೆ ನಮ್ಮಿಂದ ದೂರ ಹಾದುಹೋಗಿದೆ ಎಂದು ಸಮಾಧಾನಪಡುವವರು ಈ ಒಂದು ಘಟನೆಯನ್ನು ನೆನಪಿಟ್ಟುಕೊಂಡರೆ ಒಳ್ಳೆಯದು. ಗೆರೆ ಸುಳಿಯ ನಡುವಿನದು, ತೆರೆಗಳಿಗೆ ಅಂತಹ ಗೆರೆಯಿಲ್ಲ.

ಇಲಾಖೆಯ ದೌರ್ಬಲ್ಯವೆಂದರೆ ಹರವು. ‘ಕರ್ನಾಟಕ ಕರಾವಳಿ’ ಎಂದರೆ ತಲಪಾಡಿಯಿಂದ ಕಾರವಾರದಾಚೆಯವರೆಗೆ ಸುಮಾರು 300 ಕಿ.ಮೀ. ಎಚ್ಚರಿಕೆ ಇಲ್ಲ ಎಂದಾಕ್ಷಣ ಮಲ್ಪೆಯ ಅಳಿವೆಯಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ನೀರು ಹೇಗಿರುತ್ತದೆ ಎಂಬುದು ಗೊತ್ತಾಗುವುದಿಲ್ಲ. ಅದನ್ನು ಹೇಳುವುದು ಆ ಪ್ರಕಟಣೆಯ ಕೆಲಸವೂ ಅಲ್ಲ.

ಇನ್‌ಕಾಯ್ಸ್: ನೀರನ್ನೇ ನೋಡುವವರು

ನನ್ನ ಮಟ್ಟಿಗೆ ದ್ವೀಪ ಪ್ರವಾಸಿಗರು ಅತ್ಯಂತ ಕಡಿಮೆ ಬಳಸುವ, ಆದರೆ ಅತ್ಯಂತ ಹೆಚ್ಚು ಬಳಸಬೇಕಾದ ಮೂಲ ಇದು. 1999ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಈ ಸಂಸ್ಥೆ ಹವಾಮಾನ ಇಲಾಖೆಯಂತೆಯೇ ಭೂವಿಜ್ಞಾನ ಸಚಿವಾಲಯಕ್ಕೆ ಸೇರಿದ್ದು. ಮೀನುಗಾರರಿಗೆ ಇದು ಗೊತ್ತಿರುವುದು ಮೀನು ಸಿಗುವ ಜಾಗದ ಸೂಚನೆಯಿಂದಾಗಿ; ಉಪಗ್ರಹಗಳು ಅಳೆದ ನೀರಿನ ಮೇಲ್ಮೈ ಬಿಸಿ ಮತ್ತು ಹಸಿರು ಪಾಚಿಯ ಪ್ರಮಾಣವನ್ನು ನೋಡಿ ಆ ಸೂಚನೆ ಸಿದ್ಧವಾಗುತ್ತದೆ. ನಮಗೆ ಬೇಕಾದ್ದು ಅದರ ಸಾಗರ ಸ್ಥಿತಿ ಮುನ್ಸೂಚನೆ: ಅಲೆಯ ಎತ್ತರ, ಅದರ ದಿಕ್ಕು, ದೂರದಿಂದ ಬರುವ ಉದ್ದ ತೆರೆಯ ಎತ್ತರ ಮತ್ತು ಅವಧಿ, ಗಾಳಿ, ಪ್ರವಾಹ.

ಇಲ್ಲಿ ಎರಡು ಸಂಖ್ಯೆಗಳನ್ನು ಓದಲು ಕಲಿತರೆ ಅರ್ಧ ಕೆಲಸ ಮುಗಿದಂತೆ. ಮೊದಲನೆಯದು ಅಲೆಯ ಎತ್ತರ. ಎಲ್ಲ ಮುನ್ಸೂಚನೆಗಳೂ ಕೊಡುವುದು ‘ಗಣನೀಯ’ ಎತ್ತರವನ್ನು, ಅಂದರೆ ಅಲೆಗಳಲ್ಲಿ ಎತ್ತರದ ಮೂರನೇ ಒಂದು ಪಾಲನ್ನು ಮಾತ್ರ ತೆಗೆದುಕೊಂಡು ಹಾಕಿದ ಸರಾಸರಿಯನ್ನು. ಮುನ್ಸೂಚನೆಯಲ್ಲಿ 1.5 ಮೀಟರ್ ಎಂದಿದ್ದರೆ ಗಂಟೆಗಳ ಕಾಲ ನೀರಿನಲ್ಲಿರುವವರಿಗೆ ಒಂದಲ್ಲ ಒಂದು ಸಲ ಅದರ ಹತ್ತಿರ ಹತ್ತಿರ ಎರಡು ಪಟ್ಟಿನ ಅಲೆ ಎದುರಾಗಬಹುದು. ಸಮುದ್ರದ ಸ್ಥಿತಿಯನ್ನು ಪದಗಳಲ್ಲಿ ಹೇಳುವಾಗಲೂ ಮೋಸ ಹೋಗುವ ಸಾಧ್ಯತೆಯಿದೆ. 0.5ರಿಂದ 1.25 ಮೀಟರ್‌ವರೆಗೆ ಅಲ್ಪ ಅಲೆ, 1.25ರಿಂದ 2.5ರವರೆಗೆ ಮಧ್ಯಮ, 2.5ರಿಂದ 4ರವರೆಗೆ ಒರಟು, 4ರಿಂದ 6ರವರೆಗೆ ಅತಿ ಒರಟು. ‘ಮಧ್ಯಮ’ ಎಂಬ ಮಾತು ಕಿವಿಗೆ ಹಿತವಾಗಿ ಕೇಳುತ್ತದೆ. ಆದರೆ 2.4 ಮೀಟರ್ ಅಲೆ ಎಂದರೆ ನಾಡದೋಣಿಯಲ್ಲಿ ನಿಂತವರ ತಲೆಗಿಂತ ಎತ್ತರದ ನೀರು. ಆ ಪದವನ್ನು ಹಡಗಿನವರಿಗಾಗಿ ಮಾಡಿದ್ದಾರೆ, ಐಸ್‌ಕ್ರೀಂ ಹಿಡಿದುಕೊಂಡು ಬೋಟು ಹತ್ತುವ ಮಕ್ಕಳಿಗಾಗಿ ಅಲ್ಲ.

ಎರಡನೆಯ ಸಂಖ್ಯೆ ಅವಧಿ, ಅಂದರೆ ಒಂದು ತೆರೆಯ ನೆತ್ತಿ ಹಾದುಹೋದ ಮೇಲೆ ಮುಂದಿನ ನೆತ್ತಿ ಬರಲು ಹಿಡಿಯುವ ಸೆಕೆಂಡುಗಳು. ಸ್ಥಳೀಯ ಗಾಳಿಯಿಂದ ಎದ್ದ ಅಲೆಗಳಿಗೆ ಐದರಿಂದ ಎಂಟು ಸೆಕೆಂಡು ಸಾಮಾನ್ಯ. ಅವು ಬೋಟನ್ನು ಕುಲುಕುತ್ತವೆ, ಹೊಟ್ಟೆ ತೊಳಸುತ್ತವೆ, ಆದರೆ ಕಣ್ಣಿಗೆ ಕಾಣುತ್ತವೆ. ಹದಿನಾಲ್ಕು, ಹದಿನಾರು ಸೆಕೆಂಡಿನ ತೆರೆ ಬೇರೆಯೇ ಜಾತಿ. ಅದು ಹುಟ್ಟಿದ್ದು ಇಲ್ಲಿ ಅಲ್ಲ, ದಕ್ಷಿಣ ಹಿಂದೂ ಮಹಾಸಾಗರದ ಯಾವುದೋ ಬಿರುಗಾಳಿಯಲ್ಲಿ. ಹದಿನಾರು ಸೆಕೆಂಡಿನ ತೆರೆಯ ಶಕ್ತಿ ಆಳ ನೀರಿನಲ್ಲಿ ಗಂಟೆಗೆ ಸುಮಾರು 45 ಕಿ.ಮೀ. ವೇಗದಲ್ಲಿ ಸಾಗುತ್ತದೆ, ಆರು ಸಾವಿರ ಕಿ.ಮೀ. ದೂರದಿಂದ ನಮ್ಮಲ್ಲಿಗೆ ತಲುಪಲು ಐದಾರು ದಿನ ಬೇಕು. ಆಳದಲ್ಲಿ ಒಂದು ಮೀಟರ್ ಎತ್ತರದ ಆ ತೆರೆಯನ್ನು ಬೋಟಿನಲ್ಲಿರುವವರು ಗಮನಿಸುವುದೂ ಇಲ್ಲ. ತಳ ಮೇಲೆದ್ದಲ್ಲಿ, ಅಂದರೆ ಅಳಿವೆಯ ಮರಳದಿಬ್ಬದ ಮೇಲೆ, ದ್ವೀಪದ ಬಂಡೆಯ ಅಂಚಿನಲ್ಲಿ, ಹವಳದ ದಂಡೆಯ ಮೇಲೆ ಅದು ನಿಧಾನಗೊಂಡು ಎತ್ತರವಾಗಿ ಒಡೆಯುತ್ತದೆ. ಗಾಳಿಯೂ ಮೋಡವೂ ಇಲ್ಲದ ದಿನ ನೀರು ದಡ ನುಗ್ಗುವುದನ್ನು ಕೇರಳದ ಮೀನುಗಾರರು ‘ಕಳ್ಳಕ್ಕಡಲ್’ ಎನ್ನುತ್ತಾರೆ. ಆ ಮಾತಿಗೆ ಕನ್ನಡದಲ್ಲಿ ಅರ್ಥ ಹೇಳುವ ಅಗತ್ಯವೇ ಇಲ್ಲ. ಮಳೆಗಾಲಕ್ಕೆ ಮುಂಚಿನ ಏಪ್ರಿಲ್, ಮೇ ತಿಂಗಳುಗಳಲ್ಲಿ ಇದು ಹೆಚ್ಚು, ನಮ್ಮ ಬೇಸಿಗೆ ರಜೆಯೂ ಆಗಲೇ ಬರುತ್ತದೆ. ನನ್ನ ತಂಗಿಯ ಕುಟುಂಬವನ್ನು ಮಲ್ಪೆಯಲ್ಲಿ ತಡೆದದ್ದು ಇಂತಹದೇ ಉದ್ದ ತೆರೆ. ಇನ್‌ಕಾಯ್ಸ್ ಎತ್ತರದ ಅಲೆಗಳಿಗೂ ಈ ಉದ್ದ ತೆರೆಗಳ ನುಗ್ಗಾಟಕ್ಕೂ ಬೇರೆ ಬೇರೆ ಎಚ್ಚರಿಕೆ ಕೊಡುತ್ತದೆ, ಮತ್ತು ನಮ್ಮ ಪತ್ರಿಕೆಗಳ ಒಳಪುಟದಲ್ಲಿ ನಾಲ್ಕು ಸಾಲಿನಲ್ಲಿ ಬಂದು ಹೋಗುವ ಆ ಸುದ್ದಿಯನ್ನು ನಾನೀಗ ಮುಖಪುಟದ ಸುದ್ದಿಗಿಂತ ಮೊದಲು ಹುಡುಕುತ್ತೇನೆ.

ಸಣ್ಣ ದೋಣಿಗಳವರಿಗೆ 2020ರಲ್ಲಿ ಆರಂಭವಾದ ಇನ್ನೊಂದು ಸೇವೆಯೂ ಇಲ್ಲಿದೆ. ಅಲೆಯ ಎತ್ತರವೊಂದನ್ನೇ ನೋಡದೆ, ಅದು ಎಷ್ಟು ಕಡಿದಾಗಿದೆ, ಎಷ್ಟು ದಿಕ್ಕುಗಳಿಂದ ಬರುತ್ತಿದೆ, ಗಾಳಿ ಎಷ್ಟು ಬೇಗ ಏರಲಿದೆ ಎಂಬುದನ್ನೆಲ್ಲ ಸೇರಿಸಿ ಏಳು ಮೀಟರ್ ಅಗಲದವರೆಗಿನ ದೋಣಿಗಳು ಎಲ್ಲಿ ಮಗುಚಬಹುದು ಎಂದು ಅದು ಅಂದಾಜಿಸುತ್ತದೆ. ಇನ್‌ಕಾಯ್ಸ್‌ನ ಕೊರತೆ ಎಂದರೆ ಅದರ ಪುಟಗಳು ತಿಳಿದವರಿಗೆ ಮಾಡಿದಂತಿವೆ. ಮೊದಲ ಸಲ ನೋಡುವವರು ನಕ್ಷೆಯ ಬಣ್ಣಗಳಲ್ಲಿ ಕಳೆದುಹೋಗುತ್ತಾರೆ. ಎರಡು ವಾರ ದಿನವೂ ನೋಡಿದರೆ ಕಣ್ಣು ಪಳಗುತ್ತದೆ.

ವಿಂಡಿ ಮತ್ತು ಅದರ ಬಳಗ

ಇವತ್ತು ಬೋಟಿನವರ ಕೈಯಲ್ಲೂ ಇರುವುದು ವಿಂಡಿ. ಬಳಸಲು ಸುಲಭ, ನೋಡಲು ಚೆಂದ, ಗಂಟೆ ಗಂಟೆಯ ಲೆಕ್ಕ ಸಿಗುತ್ತದೆ. ಆದರೆ ವಿಂಡಿ ತಾನೇ ಮುನ್ಸೂಚನೆ ಮಾಡುವ ಸಂಸ್ಥೆಯಲ್ಲ. ಯುರೋಪಿನ ಮಧ್ಯಮಾವಧಿ ಮುನ್ಸೂಚನಾ ಕೇಂದ್ರದ ಮತ್ತು ಅಮೆರಿಕದ ಜಿಎಫ್‌ಎಸ್‌ನಂತಹ ಗಣಕ ಮಾದರಿಗಳ ಲೆಕ್ಕವನ್ನು ಚಿತ್ರವಾಗಿಸಿ ತೋರಿಸುವ ಕಿಟಕಿ ಅದು. ಹೀಗಾಗಿ ‘ವಿಂಡಿ ಹೇಳಿತು’ ಎನ್ನುವ ಬದಲು ಯಾವ ಮಾದರಿ ಹೇಳಿತು ಎಂದು ನೋಡಬೇಕು. ಅದರ ನಿಜವಾದ ಉಪಯೋಗ ಇರುವುದೂ ಅಲ್ಲೇ: ಒಂದೇ ಜಾಗಕ್ಕೆ ಎರಡು ಮಾದರಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಬಹುದು. ಎರಡೂ ಶನಿವಾರ ಮಧ್ಯಾಹ್ನ ಗಾಳಿ ಏರುತ್ತದೆ ಎಂದರೆ ಬೆಳಿಗ್ಗೆಯ ಮೊದಲ ಬೋಟಿಗೇ ಹೋಗಿ ಬರಬೇಕು. ಒಂದು ಏರುತ್ತದೆ, ಇನ್ನೊಂದು ಇಲ್ಲ ಎಂದರೆ ಇಬ್ಬರಿಗೂ ಇನ್ನೂ ಖಚಿತವಿಲ್ಲ ಎಂದರ್ಥ, ಮರುದಿನ ಮತ್ತೆ ನೋಡಬೇಕು.

ಈ ಮಾದರಿಗಳ ಮುಖ್ಯ ಲೆಕ್ಕಗಳು ಭಾರತೀಯ ಕಾಲಮಾನದ ಬೆಳಿಗ್ಗೆ 5.30 ಮತ್ತು ಸಂಜೆ 5.30ರ ವೀಕ್ಷಣೆಗಳಿಂದ ಆರಂಭವಾಗುತ್ತವೆ, ಫಲಿತಾಂಶ ಕೈಗೆ ಬರುವುದು ಹಲವು ಗಂಟೆಗಳ ನಂತರ. ಆದ್ದರಿಂದ ಬೆಳಿಗ್ಗೆ ಆರಕ್ಕೆ ನಾವು ನೋಡುವ ‘ಹೊಸ’ ಮುನ್ಸೂಚನೆ ವಾಸ್ತವವಾಗಿ ಹಿಂದಿನ ಸಂಜೆ ಅಥವಾ ರಾತ್ರಿಯ ಕಡಲನ್ನು ಆಧರಿಸಿದ್ದು. ಇನ್ನೊಂದು ಮಿತಿ ಜಾಲರಿಯ ಕಣ್ಣಿನದು. ಯುರೋಪಿನ ಮಾದರಿ ಭೂಮಿಯನ್ನು ಸುಮಾರು 9 ಕಿ.ಮೀ. ಚೌಕಗಳಾಗಿ, ಅಮೆರಿಕದ್ದು ಸುಮಾರು 13 ಕಿ.ಮೀ. ಚೌಕಗಳಾಗಿ ನೋಡುತ್ತದೆ. ಮಲ್ಪೆಯಿಂದ ಸೇಂಟ್ ಮೇರೀಸ್, ಅಂದರೆ ನಮ್ಮ ಕಡೆಯ ಹಿರಿಯರ ತೋನ್ಸೆಪಾರು, ಇರುವುದೇ ಸುಮಾರು ಆರು ಕಿ.ಮೀ. ದೂರದಲ್ಲಿ, ಬೋಟು ಹೊರಡುವ ಧಕ್ಕೆ, ಅಳಿವೆ, ದ್ವೀಪ ಮೂರೂ ಒಂದೇ ಚೌಕದೊಳಗೆ ಬಿದ್ದುಬಿಡಬಹುದು. ಲಕ್ಷದ್ವೀಪದ ಒಟ್ಟು ನೆಲ ಸುಮಾರು 32 ಚದರ ಕಿ.ಮೀ. ಮಾತ್ರ. ಹತ್ತಾರು ದ್ವೀಪಗಳಲ್ಲಿ ಹಂಚಿಹೋಗಿರುವ ಆ ನೆಲ ಇಂತಹ ಜಾಲರಿಯ ಕಣ್ಣಿಗೆ ಕಾಣುವುದೇ ಇಲ್ಲ. ಕವರತ್ತಿಯ ಮೇಲೆ ಬೆರಳಿಟ್ಟಾಗ ಬರುವ ಸಂಖ್ಯೆ ತೆರೆದ ಸಮುದ್ರದ್ದು, ಹವಳದ ದಂಡೆಯೊಳಗಿನ ಕೊಳದಂತಹ ನೀರಿನದು, ಅಂದರೆ ಲಗೂನಿನದು, ಅಲ್ಲ.

ಗುಡುಗುಮಳೆಯ ವಿಷಯದಲ್ಲಂತೂ ಈ ಆ್ಯಪ್‌ಗಳ ಮೇಲೆ ನನಗೆ ಭರವಸೆ ಕಡಿಮೆ. ಏಪ್ರಿಲ್, ಮೇ ಸಂಜೆಗಳಲ್ಲಿ ಮೂಡಣ ದಿಕ್ಕಿನ ಘಟ್ಟದ ಮೇಲೆ ಕಟ್ಟಿದ ಮೋಡ ಅರ್ಧ ಗಂಟೆಯಲ್ಲಿ ಕರಾವಳಿಗಿಳಿದು ಗಾಳಿಯೆಬ್ಬಿಸುತ್ತದೆ. ಅದಕ್ಕೆ ಇಲಾಖೆಯ ಮೂರು ಗಂಟೆಯ ತಕ್ಷಣದ ಮುನ್ಸೂಚನೆ, ಸಿಡಿಲಿಗೆ ದಾಮಿನಿ ಆ್ಯಪ್, ಅದಕ್ಕೂ ಮೊದಲು ತಲೆ ತಿರುಗಿಸಿ ಪೂರ್ವಕ್ಕೆ ನೋಡುವ ಅಭ್ಯಾಸ ಇವೇ ಗತಿ. ಫೋನಿನಲ್ಲಿ ತಾನಾಗಿ ಬರುವ ಸೂರ್ಯ-ಮೋಡದ ಚಿತ್ರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಟ್ಟೆ ಒಣಗಿಸಲು ಅವು ಸಾಕು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ಮಾಹಿತಿ ಗ್ರಾಮ ಪಂಚಾಯಿತಿಯ ಮಟ್ಟಕ್ಕೂ ಸಿಗುತ್ತದೆ, ಆಗುಂಬೆ ಘಾಟಿ ಇಳಿದು ಬರುವವರಿಗೆ ಅದು ಬಹಳ ಉಪಕಾರಿ, ಕಡಲಿನ ವಿಷಯದಲ್ಲಿ ಅದರ ಪಾತ್ರವಿಲ್ಲ.

ಭರತ-ಇಳಿತ, ಅಳಿವೆ, ಮತ್ತು ತಾಂಡೇಲರ ಕಣ್ಣು

ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ, ಮತ್ತು ಅವೆರಡರ ಎತ್ತರ ಒಂದೇ ಸಮನಲ್ಲ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಏರಿಳಿತ ಹೆಚ್ಚು. ಗುಜರಾತಿನ ಖಂಭಾತಿನಂತೆ ಇಲ್ಲಿ ನೀರು ಹತ್ತು ಮೀಟರ್ ಏರಿ ಇಳಿಯುವುದಿಲ್ಲ, ಹಾಗಾಗಿ ಪ್ರವಾಸಿಗರು ಈ ಪಟ್ಟಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆದರೆ ಅಳಿವೆಯಲ್ಲಿ ಇದೇ ನಿರ್ಣಾಯಕ. ನೇತ್ರಾವತಿ ಮತ್ತು ಫಲ್ಗುಣಿ ಸೇರಿ ಕಡಲಿಗೆ ಬೀಳುವ ಮಂಗಳೂರಿನ ಅಳಿವೆಯಾಗಲಿ, ಮಲ್ಪೆಯ ಅಳಿವೆಯಾಗಲಿ, ಇಳಿತದ ಹೊತ್ತಿನಲ್ಲಿ ಹೊಳೆಯ ನೀರು ರಭಸದಿಂದ ಹೊರಗೆ ಹರಿಯುತ್ತದೆ. ಅದೇ ಹೊತ್ತಿಗೆ ಪಡುವಣದಿಂದ ತೆರೆ ಎದುರು ಬಂದರೆ ಅದು ಒತ್ತಿದಂತಾಗಿ ಕಡಿದಾಗುತ್ತದೆ, ಹೂಳು ತುಂಬಿದ ತಳದ ಮೇಲೆ ಒಡೆಯುತ್ತದೆ. ಹೊರಗೆ ಕಡಲು ಶಾಂತವಾಗಿದ್ದರೂ ಬಾಗಿಲಲ್ಲೇ ದೋಣಿ ಮಗುಚುವ ಪ್ರಸಂಗಗಳು ನಡೆಯುವುದು ಹೀಗೆ. ಅದೇ ಅಳಿವೆ ಮೂರ್ನಾಲ್ಕು ಗಂಟೆ ಕಳೆದು ಭರತದ ನೀರು ಒಳಬರುವಾಗ ತೀರ ಸಾಧುವಾಗಿರಬಹುದು. ಯಾವ ಉಪಗ್ರಹವೂ ಇದನ್ನು ನಮಗೆ ಹೇಳುವುದಿಲ್ಲ.

ಇದನ್ನು ಹೇಳಬಲ್ಲವರು ದಿನಾ ಆ ಬಾಗಿಲಲ್ಲಿ ಹೋಗಿ ಬರುವವರು. ನೂಲ ಹುಣ್ಣಿಮೆಯಂದು ಸಮುದ್ರಕ್ಕೆ ಹಾಲೆರೆದು ಪೂಜೆ ಸಲ್ಲಿಸುವ ಮೊಗವೀರರು ಗಾಳಿಯನ್ನು ತೆನ್ಕಾಯಿ, ಬಡಕಾಯಿ, ಮೂಡಾಯಿ, ಪಡ್ಡಾಯಿ ಎಂದು ತುಳುವಿನ ದಿಕ್ಕುಗಳಿಂದಲೇ ಗುರುತಿಸುತ್ತಾರೆ. ಚಳಿಗಾಲದ ಬೆಳಿಗ್ಗೆ ನೆಲದಿಂದ ಕಡಲಿಗೆ ಬೀಸುವ ಮೂಡಾಯಿ ನಿಲ್ಲುವ ಹೊತ್ತು, ಮಧ್ಯಾಹ್ನ ಕಡಲಗಾಳಿ ಏಳುವ ಹೊತ್ತು ಇವೆಲ್ಲ ಅವರಿಗೆ ಗಡಿಯಾರವಿದ್ದಂತೆ. ಆದರೆ ಇಲ್ಲಿಯೂ ಒಂದು ಎಚ್ಚರಿಕೆಯ ಮಾತು ಬೇಕು. ತಾಂಡೇಲರ ಕಣ್ಣು ಇವತ್ತಿನ, ಈ ಹೊತ್ತಿನ ಕಡಲಿಗೆ ನೆಟ್ಟಿರುತ್ತದೆ. ನಾಲ್ಕು ದಿನದಾಚೆಯದನ್ನು ಕೇಳಿದರೆ ಅವರೂ ಜೇಬಿನಿಂದ ಫೋನು ತೆಗೆಯುತ್ತಾರೆ. 2017ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತ ಕನ್ಯಾಕುಮಾರಿಯ ಬಳಿ ಕೆಲವೇ ಗಂಟೆಗಳಲ್ಲಿ ಬಲಗೊಂಡಾಗ ಕಡಲನ್ನೇ ನಂಬಿ ಬದುಕಿದ ಅನುಭವಿಗಳೂ ನಡುನೀರಿನಲ್ಲಿ ಸಿಲುಕಿದರು. ಮತ್ತೆ, ಟಿಕೆಟು ಮಾರುವವರ ಅಭಿಪ್ರಾಯವನ್ನೂ ಬೋಟು ನಡೆಸುವವರ ಅಭಿಪ್ರಾಯವನ್ನೂ ಒಂದೇ ತಕ್ಕಡಿಯಲ್ಲಿ ಹಾಕಬಾರದು.

ಹಾಗಾದರೆ ಯಾವ ಪ್ರವಾಸಕ್ಕೆ ಯಾವುದು?

ಸೇಂಟ್ ಮೇರೀಸ್ ಅರ್ಧ ದಿನದ ಪ್ರವಾಸ. ಮಳೆಗಾಲದಲ್ಲಿ ಬೋಟುಗಳೇ ಇರುವುದಿಲ್ಲವಾದ್ದರಿಂದ ಆ ತಿಂಗಳುಗಳಲ್ಲಿ ಮುನ್ಸೂಚನೆ ನೋಡುವ ಪ್ರಶ್ನೆಯೂ ಇಲ್ಲ. ಉಳಿದ ಕಾಲದಲ್ಲಿ ನಾನು ಮೂರು ದಿನ ಮೊದಲು ಇನ್‌ಕಾಯ್ಸ್‌ನಲ್ಲಿ ಅಲೆಯ ಎತ್ತರ ಮತ್ತು ತೆರೆಯ ಅವಧಿ ನೋಡುತ್ತೇನೆ, ಹಿಂದಿನ ಸಂಜೆ ಮೀನುಗಾರರ ಎಚ್ಚರಿಕೆ ನೋಡುತ್ತೇನೆ, ಬೆಳಿಗ್ಗೆ ಧಕ್ಕೆಯಲ್ಲಿ ವಿಚಾರಿಸುತ್ತೇನೆ. ನನ್ನ ಸ್ವಂತ ಲೆಕ್ಕದ ಪ್ರಕಾರ ಅಲೆ ಒಂದು ಮೀಟರ್ ಒಳಗಿದ್ದು ಅವಧಿ ಹತ್ತು ಸೆಕೆಂಡಿನ ಒಳಗಿದ್ದರೆ ವಯಸ್ಸಾದವರನ್ನೂ ಮಕ್ಕಳನ್ನೂ ಕರೆದುಕೊಂಡು ಹೋಗಬಹುದು; ಅವಧಿ ಹದಿನಾಲ್ಕು ದಾಟಿದ್ದರೆ ಎತ್ತರ ಕಡಿಮೆಯಿದ್ದರೂ ತಂಗಿಗೆ ಮುಂದಿನ ವಾರ ಬಾ ಎನ್ನುತ್ತೇನೆ. ಏಕೆಂದರೆ ಆ ದ್ವೀಪಕ್ಕೆ ಹೋಗುವುದಕ್ಕಿಂತ ಅಲ್ಲಿ ಇಳಿಯುವುದೇ ಕಷ್ಟದ್ದು. 2001ರಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಲಾದ ಅಲ್ಲಿನ ಕಂಬಗಳಂತಹ ಶಿಲೆಗಳು ನೋಡಲು ಎಷ್ಟು ಸುಂದರವೋ, ತೆರೆ ಎತ್ತಿ ಕುಕ್ಕುವ ದೋಣಿಯಿಂದ ಕಾಲಿಡಲು ಅಷ್ಟೇ ಅಪಾಯಕಾರಿ.

ಬೋಟನ್ನೇ ಹತ್ತದೆ ಸೋಮೇಶ್ವರದ ರುದ್ರಪಾದೆಯ ಮೇಲೋ ಪಣಂಬೂರಿನ ಮರಳಲ್ಲೋ ನಿಲ್ಲುವವರಿಗೂ ಅವಧಿಯ ಈ ಲೆಕ್ಕ ಅನ್ವಯಿಸುತ್ತದೆ. ಉದ್ದ ತೆರೆಗಳು ಗುಂಪಾಗಿ ಬರುತ್ತವೆ. ಹತ್ತು ನಿಮಿಷ ಒದ್ದೆಯಾಗದ ಬಂಡೆ ಹನ್ನೊಂದನೆಯ ನಿಮಿಷದಲ್ಲಿ ಪೂರ್ತಿ ಮುಳುಗಬಹುದು.

ಲಕ್ಷದ್ವೀಪ ಬೇರೆಯದೇ ಲೆಕ್ಕ. ನಮ್ಮವರಿಗೆ ಅದು ಪರದೇಶವೇನಲ್ಲ: 1956ರ ನವೆಂಬರ್ 1ರಂದು ಕೇಂದ್ರಾಡಳಿತ ಪ್ರದೇಶವಾಗುವವರೆಗೆ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು, ಮತ್ತು ಮಂಗಳೂರಿನ ಹಳೆ ಬಂದರಿನಿಂದ ಅಕ್ಕಿ, ತರಕಾರಿ, ಜಲ್ಲಿ ಹೇರಿಕೊಂಡ ಮಂಜಿ ಹಡಗುಗಳು ಅಲ್ಲಿಗೆ ಹೋಗುವುದು ಹಳೆಯ ವ್ಯವಹಾರ. ಕಿಲ್ತಾನ್ ಮಂಗಳೂರಿನಿಂದ ನೇರ ಗೆರೆಯಲ್ಲಿ ಸುಮಾರು 250 ಕಿ.ಮೀ. ಮಾತ್ರ, ಕೊಚ್ಚಿಯಿಂದ ಅದಕ್ಕಿಂತ ಹೆಚ್ಚು ದೂರ. ಕೇರಳಕ್ಕೆ ಮುಂಗಾರು ಬಂತೆಂದು ಘೋಷಿಸಲು ಹವಾಮಾನ ಇಲಾಖೆ ನೋಡುವ 14 ಮಳೆಮಾಪನ ಕೇಂದ್ರಗಳಲ್ಲಿಯೂ ಮಿನಿಕಾಯ್ ಮತ್ತು ಅಮಿನಿ ಇವೆ, ಅದೇ ಪಟ್ಟಿಯ ಕೊನೆಯಲ್ಲಿ ಮಂಗಳೂರೂ ಇದೆ.

ಇಷ್ಟಿದ್ದರೂ ಮುನ್ಸೂಚನೆಯಲ್ಲಿ ‘ಲಕ್ಷದ್ವೀಪ’ ಎಂಬ ಒಂದೇ ಹೆಸರನ್ನು ಕಂಡು ನಿರ್ಧರಿಸಬಾರದು. ದಕ್ಷಿಣದ ಮಿನಿಕಾಯ್‌ನಿಂದ ಉತ್ತರದ ಚೆತ್ಲತ್‌ಗೆ ಇರುವ ದೂರ ಮಂಗಳೂರಿನಿಂದ ಕೊಚ್ಚಿಗೆ ಇರುವ ದೂರಕ್ಕಿಂತ ಕಡಿಮೆಯಲ್ಲ. ಮಿನಿಕಾಯ್‌ನಲ್ಲಿ ಬಿರುಗಾಳಿ ಇರುವಾಗ ಕಡಮತ್‌ನಲ್ಲಿ ಬಿಸಿಲಿರಬಹುದು. ಇಲ್ಲಿ ತಿಂಗಳನ್ನು ಆರಿಸುವುದೇ ಮೊದಲ ಮುನ್ಸೂಚನೆ. ಜೂನ್‌ನಿಂದ ಸೆಪ್ಟೆಂಬರ್ ಮುಂಗಾರಿಗೆ ಬಿಟ್ಟದ್ದು. ಮೇ ತಿಂಗಳಲ್ಲಿ ತೌಕ್ತೆ, 2019ರ ಅಕ್ಟೋಬರ್ ಕೊನೆಯಲ್ಲಿ ಮಹಾ, 2017ರ ಡಿಸೆಂಬರ್ ಆರಂಭದಲ್ಲಿ ಓಖಿ, ಹೀಗೆ ಮುಂಗಾರಿನ ಎರಡೂ ಬದಿಯ ತಿಂಗಳುಗಳಲ್ಲಿ ಚಂಡಮಾರುತಗಳು ಆ ದ್ವೀಪಗಳನ್ನು ಮುಟ್ಟಿವೆ. ಜನವರಿಯಿಂದ ಮಾರ್ಚ್ ಮಧ್ಯದವರೆಗಿನ ಅವಧಿ ನನಗೆ ಎಲ್ಲಕ್ಕಿಂತ ಹಿತವೆನಿಸುತ್ತದೆ.

ಹೊರಡುವ ದಿನ ಹತ್ತಿರವಾದಂತೆ ನೋಡಬೇಕಾದ ಮೂಲವೂ ಬದಲಾಗುತ್ತದೆ. ಹತ್ತು ದಿನ ಮೊದಲು ವಿಂಡಿಯಲ್ಲಿ ಎರಡು ಮಾದರಿಗಳನ್ನು ನೋಡಿ, ಸುಳಿಯೇನಾದರೂ ಕಾಣುತ್ತದೆಯೇ ಎಂದಷ್ಟೇ ಗಮನಿಸಬಹುದು. ಆ ಹಂತದಲ್ಲಿ ಕಂಡ ಸುಳಿ ಮರುದಿನ ಮಾಯವಾಗುವುದೇ ಹೆಚ್ಚು, ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಹಂಚಿ ಊರಿಗೆಲ್ಲ ಗಾಬರಿ ಹುಟ್ಟಿಸುವವರನ್ನು ದೂರವಿಡಬೇಕು. ಐದು ದಿನದೊಳಗೆ ಹವಾಮಾನ ಇಲಾಖೆಯ ಮಾತೇ ಮಾತು. ಎರಡು ದಿನದೊಳಗೆ ಇನ್‌ಕಾಯ್ಸ್‌ನ ತೆರೆಯ ಲೆಕ್ಕ, ಏಕೆಂದರೆ ದೊಡ್ಡ ಹಡಗು ಎರಡೂವರೆ ಮೀಟರ್ ಅಲೆಯಲ್ಲಿ ಸಲೀಸಾಗಿ ಸಾಗಿದರೂ ಅನೇಕ ದ್ವೀಪಗಳಲ್ಲಿ ಅದು ಹವಳದ ದಂಡೆಯ ಹೊರಗೇ ನಿಲ್ಲುತ್ತದೆ, ಅಲ್ಲಿಂದ ಸಣ್ಣ ದೋಣಿಗೆ ಇಳಿದು ಕಿರಿದಾದ ಕಾಲುವೆಯ ಮೂಲಕ ಲಗೂನಿನೊಳಗೆ ಹೋಗಬೇಕು. ಮಲ್ಪೆಯ ಅಳಿವೆಯಂತೆ ಅಲ್ಲಿನ ಬಾಗಿಲು ಆ ಕಾಲುವೆ. ಹೆಚ್ಚಿನ ದ್ವೀಪಗಳಲ್ಲಿ ಲಗೂನು ಪಡುವಣದಲ್ಲಿದೆ, ನೆಲ ಮೂಡಣದಲ್ಲಿದೆ. ಪಡುವಣದ ತೆರೆ ಜೋರಾಗಿದ್ದಾಗ ಲಗೂನಿನ ಒಳಗೆ ನೀರು ಕನ್ನಡಿಯಂತಿದ್ದರೂ ಅದರ ಬಾಗಿಲು ದಾಟಲಾಗದಂತಿರಬಹುದು. ತೆರೆಯ ಎತ್ತರ ಎರಡು ಮೀಟರ್ ಸಮೀಪಿಸಿದರೆ ಹಡಗು ಹೋಗುತ್ತದೆಯೇ ಎಂದು ಕೇಳಿದರೆ ಸಾಲದು, ಇಳಿಸುತ್ತಾರೆಯೇ ಎಂದೂ ಕೇಳಬೇಕು.

ಮೂಲಗಳು ಒಂದಕ್ಕೊಂದು ವಿರುದ್ಧವಾಗಿ ಹೇಳಿದಾಗ ಸರಾಸರಿ ತೆಗೆಯುವುದು ನಮ್ಮಲ್ಲಿ ಸಾಮಾನ್ಯ: ಇಲಾಖೆ ಬೇಡ ಎಂದಿದೆ, ಆ್ಯಪ್ ಸರಿಯಿದೆ ಎಂದಿದೆ, ಹಾಗಾದರೆ ಅರ್ಧಂಬರ್ಧ ಸರಿಯಿರಬಹುದು ಎಂಬ ತರ್ಕ. ಇದು ತಪ್ಪು, ಏಕೆಂದರೆ ಅವು ಒಂದೇ ಪ್ರಶ್ನೆಗೆ ಉತ್ತರಿಸುತ್ತಿಲ್ಲ. ಇಲಾಖೆ ಇಡೀ ಪ್ರದೇಶದಲ್ಲಿ ಎಲ್ಲಾದರೂ ಆಗಬಹುದಾದ ಕೆಟ್ಟದ್ದನ್ನು ಹೇಳುತ್ತದೆ, ಆ್ಯಪ್ ಒಂದು ಚೌಕದ ಸರಾಸರಿಯನ್ನು ಹೇಳುತ್ತದೆ, ತಾಂಡೇಲರು ಒಂದು ಬಾಗಿಲಿನ ಈಗಿನ ಸ್ಥಿತಿಯನ್ನು ಹೇಳುತ್ತಾರೆ. ಮೂವರಲ್ಲಿ ಒಬ್ಬರು ಬೇಡ ಎಂದರೂ ನಾನು ಹೋಗುವುದಿಲ್ಲ, ಮೂವರೂ ಹೋಗಬಹುದು ಎಂದಾಗಲೂ ಲೈಫ್ ಜಾಕೆಟ್ ಇಲ್ಲದ ಬೋಟು ಹತ್ತುವುದಿಲ್ಲ, ಮತ್ತು ಕರಾವಳಿ ಕಾವಲು ಪಡೆಯ 1554, ಕರಾವಳಿ ಪೊಲೀಸರ 1093 ಸಂಖ್ಯೆಗಳು ಫೋನಿನಲ್ಲಿರುತ್ತವೆ. ಲಕ್ಷದ್ವೀಪಕ್ಕಾದರೆ ಇನ್ನೂ ಒಂದು ಸೇರಿಸುತ್ತೇನೆ: ಹೋಗುವ ದಿನದ ಮುನ್ಸೂಚನೆಯಷ್ಟೇ ಶ್ರದ್ಧೆಯಿಂದ ಹಿಂತಿರುಗುವ ದಿನದ್ದನ್ನೂ ನೋಡಿ, ಆಚೆ ಎರಡು ದಿನ ರಜೆ ಹೆಚ್ಚುವರಿಯಾಗಿ ಹಾಕಿಟ್ಟಿರುತ್ತೇನೆ. ತಂಗಿಯೂ ಈಗ ಸೂರ್ಯನ ಚಿತ್ರ ಕಳುಹಿಸುವುದನ್ನು ಬಿಟ್ಟಿದ್ದಾಳೆ. ಕಳೆದ ಸಲ ಅವಳಿಂದ ಬಂದ ಸಾಲು, ‘ಅಣ್ಣ, 0.8 ಮೀಟರ್, ಎಂಟು ಸೆಕೆಂಡು, ಅಳಿವೆಯಲ್ಲಿ ಭರತ ಎಷ್ಟು ಹೊತ್ತಿಗೆ?’ ಎಂದಿತ್ತು.